27994681 × 441: ಈ ಸಂಖ್ಯೆ ಎಲ್ಲಿಂದ ಬಂತು?

ಅಂಗಡಿ ಲೆಕ್ಕ:
ನಾನು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಗಣಿತ ಓದಿದ್ದು ಪಿಯುಸಿವರೆಗೆ ಅಷ್ಟೇ. ಮೊನ್ನೆ ಗಿರಾಕಿ ಇಲ್ಲದ ಹೊತ್ತಿನಲ್ಲಿ ಸುಮ್ನೆ 111111 ಅನ್ನು ಅದರಿಂದಲೇ ಗುಣಿಸಿದೆ. 12345654321 ಬಂತು. ಆರರವರೆಗೆ ಹತ್ತಿ ಮತ್ತೆ ಇಳಿದಿದೆ! ಏಳು ಒಂದು ಹಾಕಿದರೆ ನನ್ನ ಹನ್ನೆರಡಂಕಿಯ ಕ್ಯಾಲ್ಕುಲೇಟರ್ ‘ಇ’ ತೋರಿಸಿ ಕೈ ಎತ್ತುತ್ತದೆ.

ಹೀಗೆ ಯಾಕೆ ಬರುತ್ತದೆ ಅನ್ನೋದು ಕಾಗದದ ಮೇಲೆ ಗುಣಿಸಿದಾಗ ತಿಳಿಯಿತು. ಆರು ಸಾಲು ಒಂದುಗಳು ಒಂದೊಂದು ಮನೆ ಸರಿದು ಕೂರುತ್ತವೆ. ನಡುಮನೆಯಲ್ಲಿ ಮಾತ್ರ ಆರೂ ಸೇರುತ್ತವೆ. ಆದರೆ ಮಹಾವೀರಾಚಾರ್ಯರ ಗಣಿತಸಾರಸಂಗ್ರಹದಲ್ಲಿ ಇದೇ ಸಂಖ್ಯೆ 27994681 × 441ರ ಉತ್ತರವಾಗಿ ಬರುತ್ತದಂತೆ. 441 ಅಂದರೆ 21ರ ವರ್ಗ, ಸರಿ. ಆ ಇನ್ನೊಂದು?

ಸೇಡಂ ಮೇಷ್ಟ್ರು:
ಮೊದಲು ನಮ್ಮೂರಿನ ಜಂಬ: ಆ ಪುಸ್ತಕ ಅಮೋಘವರ್ಷ ನೃಪತುಂಗನ ಕಾಲದ್ದು, ಸುಮಾರು 850ನೇ ಇಸವಿ. ಅವನ ರಾಜಧಾನಿ ಮಾನ್ಯಖೇಟವೇ ನಮ್ಮ ತಾಲೂಕಿನ ಮಳಖೇಡ.

21 ನಿಮ್ಮ ಕೈಗೇ ಸಿಕ್ಕಿದೆಯಲ್ಲ, ಅದನ್ನೇ ಹಿಡಿಯಿರಿ. 111111 ಅನ್ನು 21ರಿಂದ ಭಾಗಿಸಿ. 5291, ಶೇಷವಿಲ್ಲ. ಈಗ 5291ರ ವರ್ಗ ಮಾಡಿ ನೋಡಿ.

ಒಳಗಿನ ಗುಟ್ಟು ಇದು. 111111 ಅಂದರೆ 111 × 1001. 111ರಲ್ಲಿ 3, 37 ಇವೆ. 1001ರಲ್ಲಿ 7, 11, 13 ಇವೆ. ವರ್ಗ ಮಾಡಿದರೆ ಐದು ಅವಿಭಾಜ್ಯಗಳೂ ಎರಡೆರಡು ಸಲ ಬರುತ್ತವೆ. 3 ಮತ್ತು 7ರ ಜೋಡಿ ಒಂದು ಕಡೆ ಇಟ್ಟರೆ 441. ಉಳಿದ ಮೂರರ ಜೋಡಿಗಳೇ ನಿಮ್ಮ 27994681. ನೋಡೋಕೆ ಯಾರದೋ ಫೋನ್ ನಂಬರ್ ಥರ ಇದೆ, ಅಲ್ವಾ?

ಮಾಲೆ ಕಟ್ಟುವವಳು:
ಅದೇ ಪುಸ್ತಕದ 152207 × 73 ಕೂಡ ಮಾಡಿ. ಎಂಟು ಒಂದುಗಳು ಸಾಲಾಗಿ ಬರುತ್ತವೆ. ಹಿಂದುಮುಂದು ಒಂದೇ ಥರ ಓದುವ ಇಂಥ ಸಂಖ್ಯೆಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸಿದ್ದಾರೆ. ಏರಿಳಿತದ ಆಟ ಒಂಬತ್ತು ಒಂದುಗಳವರೆಗೆ ಮಾತ್ರ. ಹತ್ತು ಹಾಕಿದರೆ ನಡುಮನೆಯಲ್ಲಿ ದಶಕ ಹುಟ್ಟಿ 1234567900987654321 ಆಗುತ್ತದೆ. ಹಾರದ ನಡುವೆ ಎರಡು ಸೊನ್ನೆ! ಏರುವ ಕಡೆ ಎಂಟೂ ಕಾಣೆ.

ಅಂಗಡಿ ಲೆಕ್ಕ:
5291ರ ವರ್ಗ ಒತ್ತಿದೆ ಮೇಷ್ಟ್ರೇ, ಬಂದೇ ಬಂತು. ಖುಷಿಗೆ ಅಂಕಿಗಳನ್ನೆಲ್ಲ ಕೂಡಿದೆ. 36. ಆ 36ರಿಂದಲೇ ಮತ್ತೆ ಗುಣಿಸಿದರೆ 444443555556, ಅಂದರೆ 666666ರ ವರ್ಗ. ಪರದೆಯ ಹನ್ನೆರಡು ಮನೆಯೂ ಭರ್ತಿ. ಹಿಂದೆ ಬಂದು ನಿಂತಿದ್ದ ಮಾಲೀಕರು ಅದನ್ನು ನೋಡಿ, ‘ಯಾರ ಬಾಕಿನಪ್ಪ ಇದು?’ ಅಂದರು.