ಅಪ್‌ಡೇಟ್: ಮೊಬೈಲ್ ಕಳವಿನ ಕೇಸಲ್ಲಿ 16ರ ತಮ್ಮ, ರ‍್ಯಾಂಕ್ ಬಂದ ಅಣ್ಣ

ಮೊಬೈಲ್ ಕಳವಿನ ಕೇಸಲ್ಲಿ ಅಕ್ಕನ 16 ವರ್ಷದ ಕಿರಿಮಗನನ್ನು ಬಾಲ ನ್ಯಾಯ ಮಂಡಳಿ (ಮಕ್ಕಳ ಮೇಲಿನ ಕೇಸು ವಿಚಾರಿಸುವ ಮಂಡಳಿ) ಮುಂದೆ ಹಾಜರುಪಡಿಸಿದಾಗ ಏನು ಮಾಡಬೇಕೆಂದು ಹಿಂದೆ ಇಲ್ಲಿ ಕೇಳಿದ್ದೆ. ರ‍್ಯಾಂಕ್ ಬಂದವನು ಅವನ ಅಣ್ಣ. ಈಗ ಜಾಮೀನು ಸಿಕ್ಕಿದೆ. ಇಂಥದ್ದೇ ಸ್ಥಿತಿಯಲ್ಲಿರುವವರಿಗೆ, ನಾವು ತಿಳಿದುಕೊಂಡದ್ದು ಇಷ್ಟು.

ಬೀದಿಯಲ್ಲಿ ಮೊಬೈಲ್ ಕದ್ದರೆ ಗರಿಷ್ಠ 3 ವರ್ಷ ಶಿಕ್ಷೆ, ಹಾಗಾಗಿ 2015ರ ಬಾಲ ನ್ಯಾಯ ಕಾಯ್ದೆಯಲ್ಲಿ ಅದು ಸಣ್ಣ ಅಪರಾಧ. ಮನೆಯೊಳಗಿನ ಕಳವಾದರೆ 7 ವರ್ಷದವರೆಗೆ, ವರ್ಗವೇ ಬದಲಾಗುತ್ತದೆ. ಎಫ್‌ಐಆರ್‌ನಲ್ಲಿ ಯಾವ ಕಲಂ ಹಾಕಿದ್ದಾರೆ ಎಂದು ಮೊದಲು ನೋಡಿ. ಸಣ್ಣ ಅಪರಾಧದ ವಿಚಾರಣೆ 4 ತಿಂಗಳಲ್ಲಿ, ವಿಸ್ತರಿಸಿದರೆ ಇನ್ನೆರಡು ತಿಂಗಳಲ್ಲಿ ಮುಗಿಯದಿದ್ದರೆ ಕೇಸು ಕೈಬಿಡಬೇಕು.

ಎಲ್ಲಕ್ಕಿಂತ ತೂಕ ಪ್ರೊಬೇಷನ್ ಅಧಿಕಾರಿ (ಹುಡುಗನ ಹಿನ್ನೆಲೆ ವಿಚಾರಿಸುವ ಅಧಿಕಾರಿ) ಮಂಡಳಿಗೆ ಕೊಡುವ ಸಾಮಾಜಿಕ ತನಿಖಾ ವರದಿಗೆ. 2 ವಾರದೊಳಗೆ ಸಲ್ಲಿಸಬೇಕು. ಮನೆಯವರ ಜೊತೆಗಿನ ಸಂಬಂಧ ಹೇಗಿದೆ ಎಂಬುದೂ ಅದರಲ್ಲಿ ಬರುತ್ತದೆ. ಹೆತ್ತವರು ಎಡವುವುದು ಇಲ್ಲೇ. "ದೊಡ್ಡವನು ಚಿನ್ನ, ಇವನೇ ಹೀಗೆ" ಅಂದುಬಿಡುತ್ತಾರೆ. ಮಗು ಮನೆಯಲ್ಲಿ ಹಿಡಿತಕ್ಕೆ ಸಿಗುವುದಿಲ್ಲ ಎಂದು ಅದು ದಾಖಲಾದರೆ ಅವನಿಗೇ ಪೆಟ್ಟು. ಬದಲಿಗೆ ಹೋಲಿಕೆ ಯಾವಾಗ ಶುರುವಾಯಿತು, ಶಾಲೆ ಯಾವಾಗ ತಪ್ಪಿತು, ಯಾರ ಮಾತು ಕೇಳುತ್ತಾನೆ ಎಂಬುದನ್ನು ಹೇಳಿ. ಅಧಿಕಾರಿ ಅವನೊಬ್ಬನನ್ನೇ ಕೂರಿಸಿ ಮಾತಾಡಲಿ, ಅಣ್ಣ ಆ ಹೊತ್ತು ಮನೆಯಲ್ಲಿ ಇಲ್ಲದಿದ್ದರೆ ಒಳ್ಳೆಯದು.

ಕೊನೆಗೆ ಬುದ್ಧಿವಾದ, ಆಪ್ತಸಮಾಲೋಚನೆ, ಸಮುದಾಯ ಸೇವೆಯಂಥ ಆದೇಶ ಬರಬಹುದು. ಇದರಿಂದ ಮುಂದೆ ಕೆಲಸಕ್ಕೆ ಅನರ್ಹತೆ ಅಂಟುವುದಿಲ್ಲ; ಇದನ್ನು ಹುಡುಗನಿಗೆ ಇವತ್ತೇ ಹೇಳಿ.