ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ: ಮಕ್ಕಳಿಗೆ ಓದು ಹೇಗೆ ಹತ್ತಿಸೋದು?

ನಲಿಕಲಿ ಟೀಚರ್:
ವಿಜಯಪುರ ಜಿಲ್ಲೆಯ ಒಂದು ತಾಂಡಾದ ಸರ್ಕಾರಿ ಶಾಲೆಯಲ್ಲಿ ನಲಿಕಲಿ ತರಗತಿ, ಅಂದರೆ ಚಿಕ್ಕ ಮಕ್ಕಳು ಒಟ್ಟಿಗೆ ಕೂತು ಕಾರ್ಡುಗಳಿಂದ ಹಂತಹಂತವಾಗಿ ಕಲಿಯುವ ತರಗತಿ, ನೋಡಿಕೊಳ್ಳುತ್ತೇನೆ. ಮಕ್ಕಳೆಲ್ಲ ಲಂಬಾಣಿ ಮನೆಯವರು, ನನಗೆ ಆ ಭಾಷೆ ಬರುವುದಿಲ್ಲ. ರ, ಗ, ಸ, ದ, ಅ ಬೇಗ ಗುರುತಿಸುತ್ತಾರೆ. ಸರ, ಅರಸ, ಗರಗಸ ಅಂತ ಕೂಡಿಸಿ ಓದುತ್ತಾರೆ ಕೂಡ. ಆದರೆ ಗರಗಸ ಅಂದರೆ ಏನಮ್ಮ ಅಂತ ಕೇಳಿದರೆ ಸುಮ್ನೆ ನನ್ನ ಮುಖ ನೋಡುತ್ತಾರೆ. ಕಾರ್ಡು ಮುಗಿಯುತ್ತದೆ, ಕಲಿಕೆಯ ಮೆಟ್ಟಿಲು ದಾಟುತ್ತಾರೆ, ಓದಿದ್ದು ಏನು ಅಂತ ಮಾತ್ರ ಗೊತ್ತಾಗಿರುವುದಿಲ್ಲ. ದೀಪಾವಳಿ ಆದ ಮೇಲೆ ಕೆಲವು ಮನೆಯವರು ಕಬ್ಬು ಕಡಿಯೋಕೆ ಮಹಾರಾಷ್ಟ್ರಕ್ಕೆ ಹೋಗುತ್ತಾರೆ, ಮಕ್ಕಳೂ ಜೊತೆಗೇ ಹೋಗುತ್ತಾರೆ. ತಿರುಗಿ ಬಂದಾಗ ಮತ್ತೆ ಮೊದಲಿನಿಂದ ಶುರು. ಶಾಲೆಯ ಹಿರಿಯರೊಬ್ಬರು "ಕ್ಲಾಸಲ್ಲಿ ಲಂಬಾಣಿ ಮಾತಾಡೋಕೆ ಬಿಡಬೇಡಿ, ಕನ್ನಡ ತಾನಾಗೇ ಬರುತ್ತೆ" ಅಂತಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಇಂಥ ಶಾಲೆಯಲ್ಲಿ ಕೆಲಸ ಮಾಡಿದವರು ದಯವಿಟ್ಟು ಹೇಳಿ.

ಪಾವಗಡದ ಮೇಷ್ಟ್ರು:
ಮೇಡಂ, ನಿಮ್ಮ ಮನಸ್ಸು ಹೇಳೋದೇ ಸರಿ. ಬಾಯಿ ಮುಚ್ಚಿಸಿದರೆ ಮಗು ಲಂಬಾಣಿಯನ್ನೂ ಆಡುವುದಿಲ್ಲ, ಕನ್ನಡವನ್ನೂ ಆಡುವುದಿಲ್ಲ, ಮೂಲೆಯಲ್ಲಿ ಕೂತುಬಿಡುತ್ತದೆ.

ನಮ್ಮದು ಗಡಿ ತಾಲ್ಲೂಕು, ಬಹಳ ಮಕ್ಕಳ ಮನೆಮಾತು ತೆಲುಗು. ನೋಟ್‌ಬುಕ್ಕಿನಲ್ಲಿ "ಅಮ್ಮ ಬಂತು" ಅಂತ ಬರೆದಿರುತ್ತಾರೆ. ಹೊಸದಾಗಿ ಬಂದ ಟೀಚರ್‌ಗಳು ಅದನ್ನು ನೋಡಿ ಮಗು ದಡ್ಡ ಅಂದುಕೊಳ್ಳುತ್ತಾರೆ. ತೆಲುಗಿನಲ್ಲಿ ಬಸ್ಸು ಬಂದರೂ "ವಚ್ಚಿಂದಿ", ಅಮ್ಮ ಬಂದರೂ "ವಚ್ಚಿಂದಿ". ಅಂದರೆ ಮಗು ತನ್ನ ಭಾಷೆಯ ನಿಯಮವನ್ನು ಸರಿಯಾಗೇ ಬಳಸಿದೆ, ಕನ್ನಡದ ನಿಯಮ ಇನ್ನೂ ಸಿಕ್ಕಿಲ್ಲ ಅಷ್ಟೇ. ನಾನು ಕೆಂಪು ಗೀಟು ಎಳೆಯುವುದಿಲ್ಲ. ಎರಡೂ ಭಾಷೆಯ ವಾಕ್ಯ ಬೋರ್ಡಿನ ಮೇಲೆ ಪಕ್ಕಪಕ್ಕ ಬರೆದು, ಏನು ಬೇರೆ ಇದೆ ಹೇಳಿ ಅಂತ ಅವರನ್ನೇ ಕೇಳುತ್ತೇನೆ. "ಸರ್, ಕನ್ನಡದಲ್ಲಿ ಅಮ್ಮಂಗೆ ಬೇರೆ, ಬಸ್ಸಿಗೆ ಬೇರೆ" ಅಂತ ಅವರೇ ಹಿಡಿಯುತ್ತಾರೆ. ಹೀಗೆ ತಾವೇ ಕಂಡುಕೊಂಡಿದ್ದು ಹತ್ತು ಸಲ ತಿದ್ದಿ ಬರೆಸಿದ್ದಕ್ಕಿಂತ ಗಟ್ಟಿಯಾಗಿ ಉಳಿಯುತ್ತದೆ.

ಗರಗಸದ ವಿಷಯ: ಕಾರ್ಡಿನ ಪದಗಳನ್ನು ಹಿಂದಿನ ದಿನವೇ ನೋಡಿಟ್ಟುಕೊಳ್ಳಿ. ಮಕ್ಕಳಿಗೆ ಗೊತ್ತಿಲ್ಲದ್ದು ಇದ್ದರೆ ವಸ್ತುವನ್ನೇ ತನ್ನಿ, ಇಲ್ಲದಿದ್ದರೆ ಚಿತ್ರ ತೋರಿಸಿ. ಅವರು ತಮ್ಮ ಭಾಷೆಯಲ್ಲಿ ಅದರ ಬಗ್ಗೆ ಮಾತಾಡಲಿ, ಆಮೇಲೆ ಕನ್ನಡದಲ್ಲಿ ನೀವು ಹೇಳಿ, ಅಕ್ಷರ ಕೊನೆಗೆ ಬರಲಿ.

ತಾಂಡಾದ ಹುಡುಗಿ:
ಅಕ್ಕ, ನಾನು ತಾಂಡಾದಲ್ಲೇ ಹುಟ್ಟಿ ಬೆಳೆದವಳು. ಒಂದನೇ ಕ್ಲಾಸಿನಲ್ಲಿ ಟೀಚರ್ ಏನು ಹೇಳುತ್ತಿದ್ದಾರೆ ಅಂತಲೇ ತಿಳಿಯುತ್ತಿರಲಿಲ್ಲ, ಪಕ್ಕದವಳು ಎದ್ದರೆ ನಾನೂ ಏಳೋದು, ಅವಳು ಸ್ಲೇಟು ತೆಗೆದರೆ ನಾನೂ ತೆಗೆಯೋದು. ನೋಡಿದವರಿಗೆ ಎಲ್ಲಾ ಅರ್ಥ ಆಗಿದೆ ಅನ್ನಿಸುತ್ತಿತ್ತು. ನಿಮ್ಮ ಮಕ್ಕಳಲ್ಲೂ ಹೀಗೆ ನೋಡಿ ಮಾಡುವವರು ಇರುತ್ತಾರೆ, ಗಮನಿಸಿ.

ನಮ್ಮ ಗೋರ್‌ಬೋಲಿಗೆ, ಅಂದರೆ ಲಂಬಾಣಿ ಭಾಷೆಗೆ, ಸ್ವಂತ ಲಿಪಿ ಇಲ್ಲ. ಹಾಗಾಗಿ ಕನ್ನಡ ಅಕ್ಷರದಲ್ಲೇ ಬರೆಯಬಹುದು. ಯಾಡಿ, ಬಾಟಿ, ಪಾಣಿ ಅಂತ ಬರೆದು ಪಕ್ಕದಲ್ಲಿ ಅಮ್ಮ, ರೊಟ್ಟಿ, ನೀರು ಅಂತ ಬರೆಯಿರಿ. ಮಗು ಮೊದಲ ಸಾಲು ಓದಿದ ತಕ್ಷಣ ಮುಖ ಅರಳುತ್ತದೆ, ಯಾಕಂದರೆ ಅದು ಮನೆಯಲ್ಲಿ ದಿನಾ ಕೇಳುವ ಮಾತು. ಓದೋದು ಅಂದರೆ ಅರ್ಥ ಸಿಗೋದು ಅಂತ ಆಗಲೇ ಗೊತ್ತಾಗೋದು. ನಿಮಗೆ ಭಾಷೆ ಬರದಿದ್ದರೂ ಪರವಾಗಿಲ್ಲ, ಅಂಗನವಾಡಿಯವರು ತಾಂಡಾದವರೇ ಆಗಿದ್ದರೆ ಅವರನ್ನು ಕೇಳಿ, ಇಲ್ಲಾ ನಾಲ್ಕನೇ ಕ್ಲಾಸಿನ ಮಕ್ಕಳನ್ನು ಕೇಳಿ, ಹೇಳಿಕೊಡುತ್ತಾರೆ. ಶನಿವಾರ ಯಾರದಾದರೂ ಅಜ್ಜಿಯನ್ನು ಕರೆದು ಕಥೆ ಹೇಳಿಸಿ. ಅದೇ ಕಥೆಯನ್ನು ಸೋಮವಾರ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಗೋಡೆಗೆ ಅಂಟಿಸಿದರೆ ಅದೇ ನಿಮ್ಮ ಪಠ್ಯ.

ಬೆಂಗಳೂರು ಶಾಲೆ:
ಎಲ್ಲಾ ಕಡೆ ಇದು ಆಗುವುದಿಲ್ಲ ಅಂತ ಹೇಳಲೇಬೇಕು. ನನ್ನ ಕ್ಲಾಸಿನಲ್ಲಿ ಕಟ್ಟಡ ಕೆಲಸದವರ ಮಕ್ಕಳು, ಒಂದೇ ಕೋಣೆಯಲ್ಲಿ ಹಿಂದಿ, ಒಡಿಯಾ, ತೆಲುಗು, ಬಂಗಾಳಿ. ಎಲ್ಲದಕ್ಕೂ ಹೀಗೆ ಎರಡು ಭಾಷೆಯ ಪದ ಬರೆದು ಗೋಡೆ ಪಟ್ಟಿ ಮಾಡೋಕೆ ನನ್ನಿಂದ ಆಗದು. ಒಂದೇ ಭಾಷೆಯ ಇಬ್ಬರನ್ನು ಜೊತೆಗೆ ಕೂರಿಸುತ್ತೇನೆ, ಮೊದಲು ಬಂದವನು ಹೊಸಬನಿಗೆ ಹೇಳಿಕೊಡುತ್ತಾನೆ.

ಇನ್ನೊಂದು ಮುಖ್ಯವಾದ ಮಾತು. ಆಟದ ಮೈದಾನದ ಕನ್ನಡ ಬೇಗ ಬಂದುಬಿಡುತ್ತದೆ, ಬಿಸಿಯೂಟದ ಸಾಲಿನಲ್ಲಿ ಜಗಳ ಆಡುವಷ್ಟು ಚೆನ್ನಾಗಿ. ಪರಿಸರ ಅಧ್ಯಯನದ ಪಾಠದ ಕನ್ನಡ ಹಾಗಲ್ಲ. ಜಿಮ್ ಕಮಿನ್ಸ್ ಅನ್ನೋ ವಿದ್ವಾಂಸರು ಕೆನಡಾದ ವಲಸಿಗ ಮಕ್ಕಳ ಬಗ್ಗೆ ಇದನ್ನೇ ಹೇಳಿದ್ದಾರೆ: ದಿನದ ಮಾತು ಸುಮಾರು 2 ವರ್ಷದಲ್ಲಿ ಬರುತ್ತದೆ, ಪಾಠದ ಭಾಷೆಗೆ 5ರಿಂದ 7 ವರ್ಷ ಬೇಕು. ಎರಡನೇ ಕ್ಲಾಸಲ್ಲಿ ಪಟಪಟ ಮಾತಾಡುತ್ತಾನೆ ಅಂತ ಸಹಾಯ ನಿಲ್ಲಿಸಿದರೆ ಅವನು ನಾಲ್ಕು-ಐದನೇ ಕ್ಲಾಸಲ್ಲಿ ಎಡವುತ್ತಾನೆ. ಆಗ ಎಲ್ಲರೂ ಸೋಮಾರಿ ಅಂತಾರೆ. ನನಗೆ ಅದು ಬಹಳ ಬೇಜಾರು.

ನಲಿಕಲಿ ಟೀಚರ್:
ತುಂಬಾ ಧನ್ಯವಾದ ಎಲ್ಲರಿಗೂ. ಗೋಡೆ ಪಟ್ಟಿ ನಾಳೆಯಿಂದಲೇ ಶುರು ಮಾಡುತ್ತೇನೆ. ಆದರೆ ಯಾರಾದರೂ ಭೇಟಿಗೆ ಬಂದು "ಕನ್ನಡ ಮಾಧ್ಯಮದಲ್ಲಿ ಇದೇನು" ಅಂತ ಕೇಳಿದರೆ? ಕಬ್ಬಿಗೆ ಹೋಗುವ ಮಕ್ಕಳಿಗೆ ಏನು ಮಾಡಲಿ?

ಸಿಆರ್‌ಪಿ ಆಗಿದ್ದವನು:
ನಾನು ಸಿಆರ್‌ಪಿ, ಅಂದರೆ ಸುತ್ತಲಿನ ಶಾಲೆಗಳಿಗೆ ಹೋಗಿ ಟೀಚರ್‌ಗಳಿಗೆ ನೆರವಾಗುವ ಸಂಪನ್ಮೂಲ ವ್ಯಕ್ತಿ ಆಗಿದ್ದವನು. ಧೈರ್ಯವಾಗಿ ಹೇಳಿ ಮೇಡಂ, ಕಾನೂನು ನಿಮ್ಮ ಕಡೆಗಿದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಅನುಕೂಲ ಮಾಡಬೇಕು ಅಂತ ಸಂವಿಧಾನದ 350ಎ ವಿಧಿ ಹೇಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಕೂಡ ಸಾಧ್ಯವಾದಷ್ಟೂ ಮಗುವಿನ ಮಾತೃಭಾಷೆಯಲ್ಲೇ ಅನ್ನುತ್ತದೆ. ಒಡಿಶಾದಲ್ಲಿ ಆದಿವಾಸಿ ಭಾಷೆಗಳಲ್ಲೇ ಸರ್ಕಾರಿ ಶಾಲೆಯ ಪುಸ್ತಕಗಳನ್ನು ಮಾಡಿ ಕಲಿಸುತ್ತಿದ್ದಾರೆ. ನಮ್ಮಲ್ಲಿ ತಾಂಡಾಗಳಿಗೆ ಅಂಥ ಪುಸ್ತಕ ಬರೋವರೆಗೆ ನಿಮ್ಮಂಥವರ ಗೋಡೆ ಪಟ್ಟಿಯೇ ಪುಸ್ತಕ.

ಕಬ್ಬಿನ ವಿಷಯಕ್ಕೆ ಈಗಲೇ ಓಡಾಡಬೇಕು, ದೀಪಾವಳಿ ಆದ ಮೇಲೆ ತಡ. ಹೋಗುವ ಮನೆಗಳ ಪಟ್ಟಿ ಮಾಡಿ. ಅಜ್ಜ-ಅಜ್ಜಿ ಹತ್ತಿರ ಉಳಿಯಬಹುದಾದ ಮಕ್ಕಳು ಎಷ್ಟು ಅಂತ ಪಾಲಕರನ್ನೇ ಕೂರಿಸಿ ಕೇಳಿ. ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ವಲಸೆ ಹೋಗುವವರ ಮಕ್ಕಳಿಗೆ ಋತುಮಾನದ ಹಾಸ್ಟೆಲ್ ನಡೆಸೋಕೆ ಅವಕಾಶ ಇದೆ. ಎಸ್‌ಡಿಎಂಸಿ (ಪಾಲಕರಿರುವ ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ನಿರ್ಣಯ ಮಾಡಿ, ಮಕ್ಕಳ ಹೆಸರಿನ ಪಟ್ಟಿ ಲಗತ್ತಿಸಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಕೊಟ್ಟು ಸ್ವೀಕೃತಿ ತಗೊಳ್ಳಿ. ಬಾಯಲ್ಲಿ ಕೇಳಿದರೆ ಆಗೋದಿಲ್ಲ, ಕಾಗದ ಕೊಡಲೇಬೇಕು.