ಟರ್ಕಿಗೆ ಮರಳಿಸುವ ಒಪ್ಪಂದ: ನಿರಾಶ್ರಿತರ ಹಕ್ಕು ಎಲ್ಲಿ ಕುಸಿಯುತ್ತದೆ?

ಕಾನೂನು ವಿದ್ಯಾರ್ಥಿನಿ, ಧಾರವಾಡ:
ಟರ್ಕಿಯಿಂದ ಗ್ರೀಸ್ ದ್ವೀಪಗಳಿಗೆ ಅಕ್ರಮವಾಗಿ ದಾಟಿ ಬಂದವರನ್ನು ಮತ್ತೆ ಟರ್ಕಿಗೇ ಕಳಿಸುವ, 2016ರ ಮಾರ್ಚ್ 18ರ ಯುರೋಪ್ ಒಕ್ಕೂಟ–ಟರ್ಕಿ ಒಪ್ಪಂದವನ್ನು ಓದುತ್ತಿದ್ದೇನೆ. ಹಾಗೆ ಬಂದವರ ಆಶ್ರಯದ ಅರ್ಜಿಗಳನ್ನು ಒಂದೊಂದಾಗಿ ಪರಿಶೀಲಿಸುವುದಾಗಿ ಅದರಲ್ಲೇ ಬರೆದಿದೆ. ಹಾಗಿದ್ದರೆ ಹಕ್ಕಿಗೆ ಧಕ್ಕೆ ಹೇಗೆ?

ನಿವೃತ್ತ ವಕೀಲ, ಮೈಸೂರು:
ಏನನ್ನು ಪರಿಶೀಲಿಸುತ್ತಾರೆ ಎಂಬುದನ್ನು ನೋಡಮ್ಮಾ. ಸಿರಿಯಾದವನಿಗೆ ‘ನಿನ್ನ ಊರಿನಲ್ಲಿ ಏನಾಯಿತು’ ಎಂದು ಕೇಳುವ ಮೊದಲೇ ‘ಟರ್ಕಿ ನಿನಗೆ ಸುರಕ್ಷಿತ’ ಎಂದು ಅರ್ಜಿಯನ್ನು ತಳ್ಳಿಹಾಕಬಹುದು. ಆ ಟರ್ಕಿಯೋ ನಿರಾಶ್ರಿತರಿಗೆ ರಕ್ಷಣೆ ಕೊಡುವ 1951ರ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಯುರೋಪಿನಿಂದ ಬಂದವರಿಗೆ ಮಾತ್ರ ಅನ್ವಯಿಸುತ್ತದೆ! ಸಿರಿಯನ್ನರಿಗೆ ಸಿಗುವುದು ತಾತ್ಕಾಲಿಕ ರಕ್ಷಣೆ. ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಇನ್ನೊಬ್ಬ ಓದುಗ:
ನ್ಯಾಯಾಲಯಕ್ಕೆ ಹೋಗಬಹುದಿತ್ತಲ್ಲ ಸರ್?

ನಿವೃತ್ತ ವಕೀಲ, ಮೈಸೂರು:
ಪಾಕಿಸ್ತಾನ, ಅಫ್ಘಾನಿಸ್ತಾನದಿಂದ ಬಂದವರು ಹೋದರು. ಈ ಒಪ್ಪಂದ ಸದಸ್ಯ ರಾಷ್ಟ್ರಗಳ ನಿರ್ಧಾರ, ಒಕ್ಕೂಟದ್ದಲ್ಲ; ಹಾಗಾಗಿ ತನಗೆ ವಿಚಾರಣಾಧಿಕಾರವಿಲ್ಲ ಎಂದು ಯುರೋಪ್ ಒಕ್ಕೂಟದ ನ್ಯಾಯಾಲಯವಾದ ಜನರಲ್ ಕೋರ್ಟ್ 2017ರಲ್ಲಿ ಹೇಳಿತು. ತಂಗಿ, ಆ ಆದೇಶವನ್ನು, ಜೀವಕ್ಕೋ ಸ್ವಾತಂತ್ರ್ಯಕ್ಕೋ ಅಪಾಯವಿರುವ ಕಡೆಗೆ ನಿರಾಶ್ರಿತರನ್ನು ಮರಳಿಸಬಾರದು ಎನ್ನುವ 1951ರ ಒಡಂಬಡಿಕೆಯ 33ನೇ ವಿಧಿಯ ಜೊತೆಗಿಟ್ಟು ಓದು.